ರೆಫರಿಯ ಗಂಡ

ತಮಾಷೆಗೆಂದು ಆಡುವ ಮಾತು ಅಕ್ಷರಶಃ ನಿಜವಾಗಿಬಿಟ್ಟರೆ ಅದರಷ್ಟು ಕಷ್ಟ ಇನ್ನೊಂದಿಲ್ಲ. “ನಮ್ಮನೇಲಿ ಕೊನೇ ತೀರ್ಮಾನ ನಮ್ಮ ಹೆಂಡತೀದೇ ಕಣ್ರೀ” ಎಂದು ಯಾರಾದರೂ ಹೇಳಿದರೆ ಕೂತವರೆಲ್ಲ ನಗುತ್ತಾರೆ. ಅದೇ ಮಾತನ್ನು ನಾನು ಹೇಳಿದರೆ ಯಾರೂ ನಗುವುದಿಲ್ಲ, ಪಾಪ ಎನ್ನುವಂತೆ ನೋಡುತ್ತಾರೆ. ಏಕೆಂದರೆ ನನ್ನ ಹೆಂಡತಿ ಶೈಲಾ ಅದಕ್ಕಾಗಿ ತರಬೇತಿ ಪಡೆದಿದ್ದಾಳೆ, ಪರೀಕ್ಷೆ ಪಾಸಾಗಿದ್ದಾಳೆ. ಕೊರಳಲ್ಲಿ ಸೀಟಿ, ಜೇಬಿನಲ್ಲಿ ಮೂರು ಬಣ್ಣದ ಕಾರ್ಡು ಇಟ್ಟುಕೊಂಡು ಪ್ರತಿ ಭಾನುವಾರ ಮೂವತ್ತು ಜನ ಗಂಡಸರಿಗೆ ಕೊನೆಯ ತೀರ್ಮಾನ ಹೇಳುವುದಕ್ಕೆ ಹೋಗುತ್ತಾಳೆ. ಮನೆಗೆ ಬಂದ ಮೇಲೆ ಮೂವತ್ತೊಂದನೆಯವನಾದ ನನಗೆ ಆಕೆ ಪ್ರತ್ಯೇಕ ಸೀಟಿ ಊದಬೇಕಾಗಿಲ್ಲ. ಹುಬ್ಬು ಸಾಕು.

ಶೈಲಾ ಧಾರವಾಡದವಳು. ಕಾಲೇಜಿನಲ್ಲಿ ಖೋ ಖೋ ಆಡಿ, ವಿಶ್ವವಿದ್ಯಾಲಯದ ತಂಡಕ್ಕೆ ನಾಯಕಿಯಾಗಿದ್ದವಳು. ನಾನು ಮೈಸೂರಿನವನು, ಕಾಲೇಜಿನಲ್ಲಿ ಏನೂ ಆಡಿದವನಲ್ಲ. ಈಗ ನಾವಿರುವುದು ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ. ಅವಳು ಅಲ್ಲೇ ಹತ್ತಿರದ ಒಂದು ಶಾಲೆಯಲ್ಲಿ ಪಿ.ಇ. ಟೀಚರ್. ಅಲ್ಲಿನ ಐರಿಶ್ ಸಹೋದ್ಯೋಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅವಳನ್ನು ಗೇಲಿಕ್ ಫುಟ್‌ಬಾಲ್ ನೋಡಲು ಕರೆದುಕೊಂಡು ಹೋದಳು. ಇದು ಐರ್ಲೆಂಡಿನವರ ಸ್ವಂತ ಆಟ. ಲಂಡನ್ನಿನಲ್ಲಿರುವ ಐರಿಶ್ ಜನ ಊರಿನ ನೆನಪಿಗೆ ಇಲ್ಲಿಯೂ ಆಡುತ್ತಾರೆ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕೊಡಬಹುದು. ಶೈಲಾ ಸ್ವಲ್ಪ ಹೊತ್ತು ನೋಡಿ, “ಇದು ಕಬಡ್ಡಿ ಮತ್ತ ವಾಲಿಬಾಲು ಲಗ್ನಾ ಮಾಡ್ಕೊಂಡಂಗ ಅದ” ಎಂದಳಂತೆ. ಅರ್ಧ ಆಟ ಮುಗಿಯುವಷ್ಟರಲ್ಲಿ ಆ ದಿನದ ರೆಫರಿ ಎಲ್ಲೆಲ್ಲಿ ತಪ್ಪಿದ ಎಂದು ಹೇಳತೊಡಗಿದಳಂತೆ. ಇಲ್ಲಿ ರೆಫರಿಗಳ ಅಭಾವ ಬಹಳ, ನೀನೇ ಯಾಕೆ ಆಗಬಾರದು ಎಂದು ಸಹೋದ್ಯೋಗಿ ಕೇಳಿದಳು. ಈ ಪ್ರಶ್ನೆಯನ್ನು ತಮಾಷೆಗೆ ಕೇಳುವವರು ಎದುರಿಗಿರುವವರ ಊರು ಯಾವುದೆಂದು ಮೊದಲು ತಿಳಿದುಕೊಳ್ಳಬೇಕು.

ಅವಳು ರೆಫರಿಯಾದದ್ದರಿಂದ ನನಗೇನೂ ತೊಂದರೆ ಇರಲಿಲ್ಲ. ಆದರೆ ಈ ಆಟದಲ್ಲಿ ಒಂದು ಸಂಪ್ರದಾಯವಿದೆ. ಎರಡೂ ತುದಿಯ ಗೋಲು ಕಂಬಗಳ ಬಳಿ ಇಬ್ಬಿಬ್ಬರು ಅಂಪೈರುಗಳು ನಿಲ್ಲಬೇಕು, ಆ ನಾಲ್ವರನ್ನು ರೆಫರಿಯೇ ಕರೆತರಬೇಕು. ಸಾಮಾನ್ಯವಾಗಿ ರೆಫರಿಗಳು ತಮ್ಮ ಅಣ್ಣತಮ್ಮಂದಿರನ್ನು, ಭಾವಮೈದುನರನ್ನು, ಒಟ್ಟಿನಲ್ಲಿ ಭಾನುವಾರ ಬೇರೆ ಕೆಲಸವಿಲ್ಲದವರನ್ನು ಕರೆತರುತ್ತಾರೆ. ಶೈಲಾ ಶಾಲೆಯ ಇಬ್ಬರು ಮೇಷ್ಟ್ರನ್ನು ಒಂದು ತುದಿಗೆ ನಿಲ್ಲಿಸಿದಳು. ಇನ್ನೊಂದು ತುದಿಗೆ ನಾನು ಮತ್ತು ನಮ್ಮ ಪಕ್ಕದ ಮನೆಯ ಫೆಲಿಕ್ಸ್ ಅಂಕಲ್. ಅವರು ಉಡುಪಿ ಕಡೆಯ ಕ್ಯಾಥೊಲಿಕ್ ಮನೆತನದವರು, ಜೀವನವಿಡೀ ಲಂಡನ್ ಬಸ್ಸು ಓಡಿಸಿ ನಿವೃತ್ತರಾದವರು. ಐರಿಶ್ ಜನರನ್ನು ಅವರು ಚರ್ಚಿನಲ್ಲಿ ನೋಡಿ ಬಲ್ಲರು. ನಾನು ಯಾರನ್ನೂ ಬಲ್ಲವನಲ್ಲ. ಮೊಣಕಾಲಿನವರೆಗಿನ ಬಿಳಿ ಕೋಟು ಹಾಕಿಕೊಂಡು, ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕಕ್ಕೆ ಬಿಳಿ ಬಾವುಟ, ಬಲೆಯೊಳಗೆ ಹೋದರೆ ಮೂರು ಅಂಕದ ಗೋಲಿಗೆ ಹಸಿರು ಬಾವುಟ ಬೀಸುವುದು ನಮ್ಮ ಕೆಲಸ. ಬೀದಿಯಲ್ಲಿ ಆ ಕೋಟಿನಲ್ಲಿ ಹೋಗುವಾಗ ಒಬ್ಬ ಮುದುಕಿ ನನ್ನನ್ನು ಡಾಕ್ಟರೆಂದು ತಿಳಿದು ಮೊಣಕಾಲು ತೋರಿಸಿದ್ದುಂಟು. ಒಂದು ಲಾಭವನ್ನು ಮಾತ್ರ ಮುಚ್ಚಿಡಬಾರದು. ಅನುಮಾನ ಬಂದಾಗ ರೆಫರಿ ಅಂಪೈರಿನ ಬಳಿಗೆ ಓಡಿ ಬಂದು ಅಭಿಪ್ರಾಯ ಕೇಳಬೇಕೆಂದು ನಿಯಮವಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಹೆಂಡತಿ ನನ್ನ ಬಳಿ ಓಡಿ ಬಂದು ಅಭಿಪ್ರಾಯ ಕೇಳಿದ್ದು ಆ ಕಂಬದ ಪಕ್ಕದಲ್ಲಿ ಮಾತ್ರ.

ಈಗ ನನ್ನ ಉದ್ಯೋಗದ ವಿಷಯ ಹೇಳಬೇಕು. ನಾನು ಎಜ್‌ವೇರ್‌ನಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜನರ ಕಣ್ಣು ಪರೀಕ್ಷೆ ಮಾಡಿ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ದಿನವಿಡೀ ಕೇಳುತ್ತೇನೆ. ಮೈದಾನದಲ್ಲಿ ನಾನು ಬಾವುಟ ಎತ್ತಿದಾಗಲೆಲ್ಲ ಹಗ್ಗದ ಆಚೆಯಿಂದ “ಹೋಗಿ ಕಣ್ಣು ತೋರಿಸಿಕೋ!” ಎಂದು ಕೂಗುವವರಲ್ಲಿ ಕೆಲವರು ಸೋಮವಾರ ನನ್ನ ಬಳಿಯೇ ಕಣ್ಣು ತೋರಿಸಿಕೊಳ್ಳಲು ಬರುತ್ತಾರೆ. ಅದಕ್ಕೆ ನನಗೇನೂ ಬೇಸರವಿಲ್ಲ. ಬೇಸರವಿರುವುದು ಬೇರೆ ವಿಷಯಕ್ಕೆ. ಆ ಅಂಗಡಿಯ ಮಾಲೀಕ ಡೆಕ್ಲನ್ ಭಾನುವಾರಗಳಲ್ಲಿ ಹಳದಿ ಅಂಗಿ ತಂಡದ ಕೋಚ್. ವಾರದಲ್ಲಿ ಆರು ದಿನ ನಾನು ಅವನ ಮಾತು ಕೇಳಬೇಕು, ಏಳನೆಯ ದಿನ ಅವನು ನನ್ನ ಹೆಂಡತಿಯ ಮಾತು ಕೇಳಬೇಕು. ನಡುವೆ ನಿಂತವನ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಲಿ.

ಡೆಕ್ಲನ್‌ನ ಹುಡುಗರು ಸಣಕಲು, ಆದರೆ ಚುರುಕು. ಚೆಂಡು ಹಿಡಿದು ಓಡುವುದೇ ಅವರ ಆಟ. ಅವರನ್ನು ಎದುರಿಸುವ ನೀಲಿ ಅಂಗಿಯವರು ಕಟ್ಟಡದ ಕೆಲಸದವರು, ಬಾಗಿಲಿನಷ್ಟು ಅಗಲದ ಜನ. ಓಡುವುದು ಅವರಿಗೆ ಆಗುವುದಿಲ್ಲ. ಓಡುವವನ ಸುತ್ತ ಮೂರು ಜನ ನಿಂತು ಗೋಡೆ ಕಟ್ಟುತ್ತಾರೆ. ನಿಯಮದ ಪ್ರಕಾರ ಚೆಂಡು ಹಿಡಿದವನು ನಾಲ್ಕು ಹೆಜ್ಜೆಗಿಂತ ಹೆಚ್ಚು ಇಡಬಾರದು. ಅಷ್ಟರಲ್ಲಿ ಚೆಂಡನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೆ ಕಾಲ್ಬೆರಳಿಗೆ ತಾಗಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು, ಇಲ್ಲವೆ ಯಾರಿಗಾದರೂ ಕೊಡಬೇಕು. ಅದೇ ನಿಯಮ ಪುಸ್ತಕದಲ್ಲಿ ಅವನ ಅಂಗಿ ಹಿಡಿದು ಎಳೆಯಬಾರದು, ತಬ್ಬಬಾರದು ಎಂದೂ ಇದೆ. ಹಾಗಾದರೆ ಗೋಡೆಯ ನಡುವೆ ಸಿಕ್ಕಿಕೊಂಡವನು ಐದನೆಯ ಹೆಜ್ಜೆ ಇಟ್ಟಾಗ ತಪ್ಪು ಯಾರದು? ಮೊದಲು ಅವನು ಹೆಜ್ಜೆ ಮೀರಿದನೋ, ಮೊದಲು ಇವರು ಅಂಗಿ ಹಿಡಿದರೋ? ಈ ಆಟದ ಅರ್ಧ ಜಗಳ ಇದೊಂದೇ ಪ್ರಶ್ನೆಯ ಮೇಲೆ ನಿಂತಿದೆ. ಹೆಜ್ಜೆಗೆ ಸೀಟಿ ಊದುವ ರೆಫರಿ ಬಂದರೆ ಗೋಡೆ ಕಟ್ಟುವವರಿಗೆ ಹಬ್ಬ, ಕೈಗೆ ಸೀಟಿ ಊದುವ ರೆಫರಿ ಬಂದರೆ ಓಡುವವರಿಗೆ ಹಬ್ಬ. ಶೈಲಾ ಹೆಜ್ಜೆಯವಳು. ಖೋ ಖೋ ಆಡಿದವರ ಕಣ್ಣು ಮೊದಲು ಹೋಗುವುದೇ ಕಾಲಿನ ಕಡೆಗೆ. ಈ ವರ್ಷ ವಸಂತದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಡೆಕ್ಲನ್‌ನ ಹುಡುಗರು ಓಡಿದರು, ನೀಲಿಯವರು ಸುತ್ತುವರಿದರು, ಶೈಲಾ ಸೀಟಿ ಊದಿದಳು. ಮತ್ತೆ ಓಡಿದರು, ಮತ್ತೆ ಊದಿದಳು. ಹಳದಿಯವರು ಸೋತರು. ಸುದ್ದಿ ಲೀಗ್‌ನಲ್ಲೆಲ್ಲ ಹರಡಿತು. ಶೈಲಾ ರೆಫರಿ ಎಂದು ಗೊತ್ತಾದರೆ ಸಾಕು, ಅದುವರೆಗೆ ಗೋಡೆ ಕಟ್ಟಿ ಗೊತ್ತಿಲ್ಲದ ತಂಡಗಳೂ ಕಟ್ಟತೊಡಗಿದವು.

ಆ ಮೊದಲ ಪಂದ್ಯದ ಮಾರನೆಯ ದಿನವೇ ಡೆಕ್ಲನ್ ನನಗೆ ಟೀ ಮಾಡಿಕೊಟ್ಟ. ಅವನು ಬೈದಿದ್ದರೆ ನಾನು ಹೆದರುತ್ತಿರಲಿಲ್ಲ. ಟೀಯ ಜೊತೆ ಬಿಸ್ಕತ್ತೂ ಇತ್ತು. “ನಿನ್ನ ಹೆಂಡತಿ ಬಹಳ ಒಳ್ಳೆಯ ರೆಫರಿ” ಎಂದು ಶುರುಮಾಡಿದ. “ನಾಲ್ಕು ಹೆಜ್ಜೆಯನ್ನು ಅಷ್ಟು ಕರಾರುವಾಕ್ಕಾಗಿ ಹಿಡಿಯುವವರನ್ನು ನಾನು ನೋಡಿಲ್ಲ. ಹೇಗೆ ಎಣಿಸುತ್ತಾಳೆ?”

ಹೆಂಡತಿಯನ್ನು ಯಾರಾದರೂ ಹೊಗಳಿದರೆ ನನಗೆ ಬಾಯಿ ನಿಲ್ಲುವುದಿಲ್ಲ. “ಬಾಯಿ ಬಿಟ್ಟೇ ಎಣಿಸುತ್ತಾಳೆ. ಆಟಗಾರನ ಪಕ್ಕದಲ್ಲೇ ಓಡುತ್ತಾ ಕನ್ನಡದಲ್ಲಿ ಎಣಿಸುತ್ತಾಳೆ” ಎಂದೆ.

ಡೆಕ್ಲನ್ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದ. “ಕನ್ನಡದಲ್ಲಿ ಒಂದರಿಂದ ನಾಲ್ಕರವರೆಗೆ ಹೇಗೆ ಹೇಳುತ್ತಾರೆ?”

ನಾನು ಹೇಳಿದೆ. ವಿದೇಶದಲ್ಲಿ ಯಾರಾದರೂ ನಮ್ಮ ಭಾಷೆಯ ಬಗ್ಗೆ ಆಸಕ್ತಿ ತೋರಿಸಿದರೆ ಇಲ್ಲ ಎನ್ನುವುದು ಹೇಗೆ? ಅವನು ಫೋನ್ ಮುಂದೆ ಹಿಡಿದು ಇನ್ನೊಂದು ಸಲ ಹೇಳೆಂದ. ಸ್ಪಷ್ಟವಾಗಿ, ಅಕ್ಷರ ಅಕ್ಷರ ಬಿಡಿಸಿ, ಮಕ್ಕಳಿಗೆ ಕಲಿಸುವಂತೆ ಹೇಳಿದೆ. ಸಂಜೆಯೊಳಗೆ ನನ್ನ ಧ್ವನಿ ಹಳದಿ ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿತ್ತು. ಆ ವಾರದ ಅಭ್ಯಾಸದಲ್ಲಿ ಐರಿಶ್ ಹುಡುಗರೆಲ್ಲ ಮೈದಾನದ ಉದ್ದಕ್ಕೂ “ಒಂದು, ಎರಡು, ಮೂರು, ನಾಲ್ಕು” ಎನ್ನುತ್ತಾ ಓಡಿದರಂತೆ. ಇದನ್ನು ನನಗೆ ಡೆಕ್ಲನ್ ಹೇಳಿದಾಗ ಮೊದಲು ಅನಿಸಿದ್ದು ಭಾಷಾಭಿಮಾನ. ಭಯ ಆಮೇಲೆ ಬಂತು.

ಮುಂದಿನ ಪಂದ್ಯ ಬೇರೊಂದು ತಂಡದ ಎದುರಿಗೆ. ಶೈಲಾ ಎಂದಿನಂತೆ “ಒಂದ, ಎರಡ, ಮೂರ” ಎಂದು ಗುನುಗುತ್ತಾ ಓಡುತ್ತಿದ್ದಳು. ಹಳದಿಯವರು ಅವಳ ಬಾಯಿಗೆ ಕಿವಿಗೊಟ್ಟು, ನಾಲ್ಕು ಬರುವ ಮೊದಲೇ ಚೆಂಡನ್ನು ದಾಟಿಸುತ್ತಿದ್ದರು. ನೋಡುವುದಕ್ಕೆ ಹಾಡಿಗೆ ಹೆಜ್ಜೆ ಹಾಕಿದಂತಿತ್ತು. ಫೆಲಿಕ್ಸ್ ಅಂಕಲ್ ಕಂಬದ ಆಚೆಯಿಂದ, “ಇವತ್ತು ಹುಡುಗರು ಎಂತ ಚಂದ ಆಡ್ತಾ ಇದ್ದಾರೆ ಮಾರಾಯ್ರೆ! ಟೀಚರ್ ಸೀಟಿ ಊದ್ಲಿಕ್ಕೇ ಇಲ್ಲ” ಎಂದರು.  ಒಂದೇ ತೊಡಕು ಇತ್ತು. ನಾನು ಕಲಿಸಿದ್ದು ಮೈಸೂರಿನ ಲೆಕ್ಕ, ಅವಳು ಎಣಿಸುತ್ತಿದ್ದುದು ಧಾರವಾಡದ ಲೆಕ್ಕ. ನಮ್ಮ ಕಡೆ ನಾಲ್ಕು ಹೇಳಿ ಮುಗಿಸುವಷ್ಟರಲ್ಲಿ ಅವರ ಕಡೆ ನಾಕ ಹೇಳಿ ಉಸಿರು ತೆಗೆದುಕೊಂಡಿರುತ್ತಾರೆ.

ಎರಡನೆಯ ಅರ್ಧದಲ್ಲಿ ಕೀರನ್ ಎಂಬ ಹುಡುಗ ನಮ್ಮ ಕಂಬದ ಕಡೆಗೇ ಓಡಿ ಬಂದ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತೆಳ್ಳಗಿನ ಹುಡುಗ ಅವನು. ಮೂವರು ಅವನನ್ನು ಮುತ್ತಿದರು. ಒಬ್ಬ ಅಂಗಿ ಹಿಡಿದ, ಇನ್ನೊಬ್ಬ ಕೈ ಹಿಡಿದು ತಿರುಚಿದ. ನನಗೆ ಕಾಣಿಸುತ್ತಿತ್ತು. ಶೈಲಾಳ ಕಣ್ಣು ಮಾತ್ರ ಅವನ ಕಾಲಿನ ಮೇಲೆ. “ನಾಕ” ಎಂದು ಮುಗಿಸಿ, ಮುಂದಿನ ಹೆಜ್ಜೆಗೆ ಸೀಟಿ ಊದಿದಳು. ಕೀರನ್ ಆ ಗುಂಪಿನಿಂದ ಹೊರಗೆ ಬಂದು, ಕೈ ಮೇಲೆತ್ತಿ ಮೂರು ಬೆರಳು ತೋರಿಸಿ ಕೂಗಿದ: “ಇಲ್ಲ ರೆಫ್! ಮೂರು! ಮೂರೇ! ನಾಲ್ಕು ಇನ್ನೂ ಆಗಿಲ್ಲ!” ಇಂಗ್ಲಿಷಿನ ನಡುವೆ ಆ ಮೂರು, ನಾಲ್ಕು ಅಚ್ಚ ಕನ್ನಡದಲ್ಲಿತ್ತು. ಶೈಲಾ ನಿಂತಲ್ಲೇ ನಿಂತಳು. ಅವಳು ನಿಂತದ್ದಕ್ಕೆ ಎರಡು ಕಾರಣ. ಒಂದು ಅವನ ಕನ್ನಡ. ಇನ್ನೊಂದು, ಎತ್ತಿದ ಮೂರು ಬೆರಳಲ್ಲಿ ನಡುವಿನದು ಬೆರಳು ಬಾಗಬಾರದ ಕಡೆಗೆ ಬಾಗಿತ್ತು. ಅವಳು ಮೊದಲು ಅವನ ಕೈ ನೋಡಿದಳು, ಆಮೇಲೆ ತಲೆ ತಿರುಗಿಸಿ ಗೋಲು ಕಂಬದ ಕಡೆ ನೋಡಿದಳು. ನಾನು ನನ್ನ ಬಿಳಿ ಬಾವುಟದ ಹೊಲಿಗೆಯನ್ನು ಪರೀಕ್ಷಿಸತೊಡಗಿದೆ.

“ನಿಮ್ಮ ಕತೆ ಮುಗೀತು” ಎಂದರು ಫೆಲಿಕ್ಸ್ ಅಂಕಲ್, ಬಸ್ಸಿನ ಕೊನೆಯ ಸ್ಟಾಪ್ ಬಂತು ಎಂದು ತಿಳಿಸುವ ಧ್ವನಿಯಲ್ಲಿ.

ಮನೆಗೆ ಹೊರಟಾಗ ಕಾರು ಓಡಿಸುತ್ತಿದ್ದವಳು ಶೈಲಾ. ಫೆಲಿಕ್ಸ್ ಅಂಕಲ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ನಿದ್ದೆಯ ನಟನೆ ಮಾಡುತ್ತಿದ್ದರು.

“ನಾಲ್ಕು ಅಂತ ಲ್ಕು ಹಚ್ಚಿ ಅಂದಾ ಹುಡುಗ” ಎಂದಳು. “ನಮ್ಮ ಕಡೆ ಯಾರೂ ಹಂಗ ಅನ್ನೂದಿಲ್ರಿ. ಅದು ಮೈಸೂರಿನವರ ಕೆಲಸ.”

“ಡೆಕ್ಲನ್ ಕೇಳಿದ. ಭಾಷೆ ಮೇಲೆ ಆಸಕ್ತಿ ಅಂದ್ಕೊಂಡೆ” ಎಂದೆ.

“ಅದನ್ನ ಬಿಡ್ರಿ. ಅಂವಾ ಕೇಳಿದಾ, ನೀವು ಹೇಳಿದ್ರಿ. ಆ ಹುಡುಗನ ಬೆರಳು ನೋಡಿದ್ರಿಲ್ಲೋ? ಅಂವನ ಕೈ ಹಿಡಿದದ್ದು ನಿಮಗ ಕಂಡಿತ್ತೇನು?”

“ಕಂಡಿತ್ತು. ಮೊದಲು ಅಂಗಿ ಹಿಡಿದ್ರು, ಆಮೇಲೆ ಕೈ.”

“ಮತ್ತ ಯಾಕ ಹೇಳಲಿಲ್ಲ?”

“ನೀನು ಕೇಳಲಿಲ್ಲ.”

ಈ ಉತ್ತರ ಸರಿಯಾಗಿತ್ತು, ಆದರೆ ಹೇಳಬಾರದಿತ್ತು.  ಅವಳು ನನಗಲ್ಲ, ಎದುರಿನ ಗಾಜಿಗೆ ಹೇಳುವಂತೆ, “ನಾ ಕಾಲು ನೋಡ್ಕೋತ ಹೊಂಟೆ. ಹಿಡಿಯೂವ್ರಿಗೆ ಅದು ಗೊತ್ತಾತು. ನಾ ಊದಿದಂಗ ಅವರು ಆಡಲಿಕ್ಕೆ ಹತ್ತಿದ್ರು. ಆ ಬೆರಳು ಮುರಿದದ್ದು ನನ್ನ ಸೀಟೀನ” ಎಂದಳು. ಸೀಟಿಯನ್ನು ವಾಪಸು ಕೊಟ್ಟುಬಿಡುತ್ತೇನೆ ಎಂದೂ ಅಂದಳು. ಮೈದಾನದಲ್ಲಿ ಯಾರು ಏನು ಕೂಗಿದರೂ ಹುಬ್ಬು ಅಲುಗಿಸದ ಹೆಂಗಸು. ಆ ರಾತ್ರಿ ಊಟದ ನಡುವೆ ಎದ್ದುಹೋಗಿ ಕೀರನ್‌ಗೆ ಫೋನ್ ಮಾಡಿದಳು. ಅವನು ಬೆರಳು ಮುರಿದಿಲ್ಲ, ಕೀಲು ತಪ್ಪಿದೆ ಅಷ್ಟೇ, ತನ್ನ ವಾರ್ಡಿನಲ್ಲೇ ಕೂರಿಸಿದರು ಎಂದು ನಕ್ಕನಂತೆ. ಆಮೇಲೆ ಕನ್ನಡದಲ್ಲಿ ಐದಕ್ಕೆ ಏನೆನ್ನುತ್ತಾರೆ ಎಂದು ಕೇಳಿದನಂತೆ. ಅವಳು ಹೇಳಲಿಲ್ಲ. ಸೀಟಿ ವಾಪಸು ಕೊಡುವ ಮಾತನ್ನೂ ಮತ್ತೆ ಎತ್ತಲಿಲ್ಲ. ಆದರೆ ಮುಂದಿನ ಪಂದ್ಯಕ್ಕೆ ನನ್ನ ಬಿಳಿ ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಶಾಲೆಯ ವಾಚ್‌ಮನ್‌ಗೆ ಕೊಟ್ಟಳು.

ಹೀಗೆ ಅಂಪೈರ್ ಕೆಲಸ ಹೋದ ಮೇಲೆ ನಾನು ಭಾನುವಾರ ಮನೆಯಲ್ಲಿ ಕೂತು ಟೀವಿ ನೋಡಬಹುದಿತ್ತು. ಆದರೆ ಡೆಕ್ಲನ್ ಒಳ್ಳೆಯ ಮನುಷ್ಯ. ನನ್ನಿಂದಾಗಿ ನಿನಗೆ ಹೀಗಾಯಿತು ಎಂದು ನೊಂದುಕೊಂಡು, ನೀಲಿಯವರ ಎದುರಿನ ಸೆಮಿಫೈನಲ್‌ಗೆ ನನ್ನನ್ನು ತನ್ನ ತಂಡದ ಕಡೆಯವನನ್ನಾಗಿ ಸೇರಿಸಿಕೊಂಡ. ನೀರಿನ ಬಾಟಲಿ ಹಿಡಿದು ಗೆರೆಯ ಪಕ್ಕದಲ್ಲಿ ನಿಲ್ಲುವುದಷ್ಟೇ ಕೆಲಸ. ಹಳದಿ ಜಾಕೆಟ್ ಒಂದನ್ನೂ ಕೊಟ್ಟ. ಶೈಲಾ ನನ್ನನ್ನು ಆ ಜಾಕೆಟ್ಟಿನಲ್ಲಿ ನೋಡಿ, “ಛಲೋ ಕಾಣಸ್ತದ” ಎಂದು ಮಾತ್ರ ಹೇಳಿದಳು.

ಆ ದಿನ ಅವಳ ತುಟಿ ಅಲುಗಲಿಲ್ಲ. ಹಳದಿಯವರು ಚೆಂಡು ಹಿಡಿದು, ಕಿವಿ ನೆಟ್ಟಗೆ ಮಾಡಿಕೊಂಡು, ಏನೂ ಕೇಳದೆ ಗಾಬರಿಯಾಗಿ ಎರಡೇ ಹೆಜ್ಜೆಗೆ ಚೆಂಡು ಎಸೆದುಬಿಡುತ್ತಿದ್ದರು. ಅತ್ತ ನೀಲಿಯವರು ಅಭ್ಯಾಸಬಲದಿಂದ ಗೋಡೆ ಕಟ್ಟಲು ಹೋಗಿ, ಅಂಗಿಗೆ ಕೈ ಹಾಕಿದ ಕೂಡಲೇ ಸೀಟಿ ಕೇಳಿ ಬೆಚ್ಚಿದರು. ಒಮ್ಮೆ ಅಲ್ಲ, ಮತ್ತೆ ಮತ್ತೆ. ಅವರ ಕೋಚ್ ಟೋಪಿ ತೆಗೆದು ನೆಲಕ್ಕೆ ಹೊಡೆದ. ಡೆಕ್ಲನ್ ಕೂಡ ಕೂದಲು ಕಿತ್ತುಕೊಳ್ಳುತ್ತಿದ್ದ. ವಾರಗಟ್ಟಲೆ ಅವಳ ಸೀಟಿಗೆ ತಕ್ಕಂತೆ ಆಟ ಬದಲಾಯಿಸಿಕೊಂಡು ಬಂದರೆ ಅವಳು ಸೀಟಿಯನ್ನೇ ಬದಲಾಯಿಸಿದ್ದಳು. ಸ್ವಲ್ಪ ಹೊತ್ತು ಮೈದಾನದಲ್ಲಿ ಹಿಡಿಯುವವರೂ ಇಲ್ಲ, ಓಡುವವರೂ ಇಲ್ಲ. ಎಲ್ಲರೂ ಚೆಂಡನ್ನು ಬೇರೆಯವರ ಮನೆಯ ಮಗುವಿನಂತೆ ಜೋಪಾನವಾಗಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಆಮೇಲೆ ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಕೀರನ್ ಒಂದು ಸಲ ಸುಮ್ಮನೆ ಓಡಿ ನೋಡಿದ. ಯಾರೂ ಹಿಡಿಯಲಿಲ್ಲ, ಯಾರೂ ಎಣಿಸಲಿಲ್ಲ. ಚೆಂಡನ್ನು ಕಾಲ್ಬೆರಳಿಗೆ ತಾಗಿಸಿ, ಪುಟಿಸಿ, ಮತ್ತೆ ತಾಗಿಸಿ, ಅರ್ಧ ಮೈದಾನ ಓಡಿ ಅಡ್ಡಪಟ್ಟಿಯ ಮೇಲಿಂದ ಒದ್ದ. ಫೆಲಿಕ್ಸ್ ಅಂಕಲ್ ಬಿಳಿ ಬಾವುಟ ಬೀಸಿದರು. ಅದನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ನೀಲಿಯವರಿಗೂ ಬಂತು. ಅಷ್ಟು ದಪ್ಪ ಜನ ಓಡಬಲ್ಲರೆಂದು ಅವರಿಗೇ ಗೊತ್ತಿರಲಿಲ್ಲ. ಆಮೇಲಿನ ಆಟವನ್ನು ನಾನು ವರ್ಣಿಸಲಾರೆ. ನೋಡುತ್ತಾ ನೋಡುತ್ತಾ ನೀರಿನ ಬಾಟಲಿಗಳನ್ನು ನಾನೇ ಕುಡಿದು ಖಾಲಿ ಮಾಡಿದ್ದೆ.

ಕೊನೆಯ ನಿಮಿಷ, ಅಂಕ ಸಮ. ಮೈದಾನದ ನಡುವೆ ನೀಲಿ ಅಂಗಿಯ ಒಬ್ಬ ದೈತ್ಯ ಚೆಂಡು ಹಿಡಿದು ನನ್ನ ಮುಂದೆಯೇ ಹೊರಟ. ನಮ್ಮ ಹುಡುಗನೊಬ್ಬ ಅವನಿಗೆ ಜೋತುಬಿದ್ದಿದ್ದ. ನಾನು ನನಗರಿವಿಲ್ಲದೆ ಎಣಿಸತೊಡಗಿದ್ದೆ. ಐದಾಯಿತು, ಆರಾಯಿತು, ಏಳಾಯಿತು. ಸೀಟಿ ಕೇಳಿಸಿತು. ಸದ್ಯ ಎಂದುಕೊಂಡರೆ, ಶೈಲಾ ಕೈ ತೋರಿಸಿದ್ದು ನೀಲಿಯವರ ಪರವಾಗಿ. ಜೋತುಬಿದ್ದದ್ದು ತಪ್ಪಂತೆ. ಆಗ ನನ್ನ ಬಾಯಿಂದ, ಗಂಟಲಿನ ಪೂರ್ತಿ ಶಕ್ತಿಯೊಂದಿಗೆ, ಮಾತು ಹೊರಟೇಹೋಯಿತು.

“ಶೈಲಾ! ಏಳು ಹೆಜ್ಜೆ ಹಾಕಿದ ಕಣೇ ಅವನು! ಕಣ್ಣು ಎಲ್ಲಿಟ್ಟಿದ್ದೀಯಾ?”

ಹತ್ತಿರದ ಆಟಗಾರರೆಲ್ಲ ನನ್ನ ಕಡೆ ತಿರುಗಿದರು. ಈ ಆಟದಲ್ಲಿ ಈಚೆಗೆ ಒಂದು ಹೊಸ ನಿಯಮ ಬಂದಿದೆ. ತೀರ್ಪು ಯಾರ ವಿರುದ್ಧವಾಯಿತೋ ಆ ಕಡೆಯವರು ರೆಫರಿಯ ಮೇಲೆ ಬಾಯಿ ಮಾಡಿದರೆ ಚೆಂಡನ್ನು ಐವತ್ತು ಮೀಟರ್ ಮುಂದಕ್ಕೆ ಒಯ್ಯಬೇಕು. ಆಗ ಒದೆಯುವವನಿಗೆ ಗೋಲು ಕಂಬ ಅಂಗಳದಷ್ಟು ಹತ್ತಿರವಾಗುತ್ತದೆ. ಶೈಲಾ ಚೆಂಡನ್ನು ಎತ್ತಿಕೊಂಡಳು. ನನ್ನ ಕಡೆ ನೋಡದೆ, ಅವಸರವಿಲ್ಲದೆ, ತರಕಾರಿ ತರಲು ಹೊರಟವಳಂತೆ ಮುಂದೆ ಮುಂದೆ ನಡೆದಳು.

“ಏನಾಯಿತು? ಏನು ಹೇಳಿದೆ ನೀನು?” ಎಂದ ಡೆಕ್ಲನ್, ಬಿಳುಚಿಕೊಂಡು.

ಇಡೀ ಮೈದಾನದಲ್ಲಿ ಕನ್ನಡ ಬಲ್ಲವರು ನಾವು ಮೂವರೇ. ಹುಡುಗರನ್ನು ಹುರಿದುಂಬಿಸಿದೆ ಎಂದು ಹೇಳಿ ನಾನು ಪಾರಾಗಬಹುದಿತ್ತು, ಹೇಳಲು ಬಾಯನ್ನೂ ತೆರೆದಿದ್ದೆ. ಅಷ್ಟರಲ್ಲಿ ನಮ್ಮ ಕಡೆಯ ಕಂಬದಿಂದ ಫೆಲಿಕ್ಸ್ ಅಂಕಲ್, ಇಳಿಯಬೇಕಾದ ಸ್ಟಾಪ್ ಕೇಳಿದ ಪ್ರಯಾಣಿಕನಿಗೆ ಉತ್ತರಿಸುವಷ್ಟು ಸೌಜನ್ಯದಿಂದ, ನನ್ನ ಮಾತನ್ನು ಇಂಗ್ಲಿಷಿಗೆ ಅನುವಾದ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಿದರು. ‘ಕಣೇ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲವೆಂದು ವಿಷಾದವನ್ನೂ ಸೂಚಿಸಿದರು. ದೈತ್ಯ ಚೆಂಡನ್ನು ಸಲೀಸಾಗಿ ಅಡ್ಡಪಟ್ಟಿಯ ಮೇಲಿಂದ ಒದ್ದ. ಹಳದಿಯವರು ಒಂದು ಅಂಕದಿಂದ ಸೋತರು.

“ಏಳು ಹೆಜ್ಜೆ ಹಾಕಿದ್ದ” ಎಂದೆ ಕಾರಿನಲ್ಲಿ. ಎಲ್ಲಾದರೂ ಶುರುಮಾಡಬೇಕಲ್ಲ.

“ಎಂಟು” ಎಂದಳು ಶೈಲಾ. “ಆದರ ಎರಡನೇ ಹೆಜ್ಜಿಗೇ ನಿಮ್ಮ ಹುಡುಗ ಅಂವನ ಅಂಗಿ ಹಿಡಿದಿದ್ದಾ. ನೀವು ಕಾಲು ನೋಡ್ಕೋತ ನಿಂತ್ರಿ.”

ನಾನು ಕಿಟಕಿಯ ಆಚೆ ನೋಡಿದೆ. ಸ್ವಲ್ಪ ದೂರ ಹೋದ ಮೇಲೆ ಅವಳು ನಗುತ್ತಿದ್ದಾಳೆ ಅನಿಸಿತು. ಖಚಿತವಾಗಿ ಹೇಳಲಾರೆ, ನಾನು ನೋಡಿದ್ದು ಪಕ್ಕದಿಂದ.

ಸೋಮವಾರ ಡೆಕ್ಲನ್ ಟೀ ಮಾಡಲಿಲ್ಲ. ಈ ವರ್ಷ ಮುಗಿಯುವವರೆಗೆ ಪ್ರತಿ ಭಾನುವಾರ ಅಂಗಡಿಯಲ್ಲಿ ನನ್ನದೇ ಡ್ಯೂಟಿ ಎಂದು ವಿನಯದಿಂದಲೇ ತಿಳಿಸಿದ. ಅವನಿಗೆ ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು ಮನೆಗೆ ಬಂದು ಗೋಳಾಡಿದರೆ, ಶೈಲಾ “ಛಲೋ ಆತಲ್ರಿ” ಎಂದು ಚಪಾತಿ ಲಟ್ಟಿಸುತ್ತಲೇ ಇದ್ದಳು. ನಿಜಸ್ಥಿತಿ ಏನೆಂದು ತಿಳಿದದ್ದು ಬೇಲಿಯ ಆಚೆಯಿಂದ ಫೆಲಿಕ್ಸ್ ಅಂಕಲ್ ಹೇಳಿದಾಗ. ಪಂದ್ಯ ಮುಗಿದ ಮೇಲೆ ಡೆಕ್ಲನ್, ನೀಲಿಯವರ ಕೋಚ್ ಇಬ್ಬರೂ ಒಟ್ಟಿಗೆ ರೆಫರಿಯ ಬಳಿ ಹೋಗಿ, ನನ್ನನ್ನು ಯಾವ ಕಡೆಯಲ್ಲೂ ನಿಲ್ಲಿಸಬಾರದೆಂದು ಕೇಳಿಕೊಂಡರಂತೆ. ರೆಫರಿ ಕೂಡಲೇ ಒಪ್ಪಿದಳಂತೆ.

“ಬೇಜಾರು ಮಾಡ್ಬೇಡಿ ಮಾರಾಯ್ರೆ” ಎಂದರು ಅಂಕಲ್. “ಟೀಚರ್ ಕೊಟ್ಟ ತೀರ್ಪಿಗೆ ಎರಡೂ ಕಡೆಯವರು ಕೈಕುಲುಕಿದ್ದು ನಾನು ನೋಡಿದ್ದು ಇದೇ ಮೊದಲು.”